ಮೊದಲು ಹಲ್ಲು ನೋಡಿ, ಆಮೇಲೆ ಹಠ ಎನ್ನಿ

ಸೋದರಿ,

ಕಳೆದ ಸಂಚಿಕೆಯ ನಮ್ಮ ಹಲ್ಲಿನ ಲೇಖನ ನಿಮಗೆ ಸಿಟ್ಟು ತರಿಸಿದ್ದು ನ್ಯಾಯವೇ. ‘ದಿನಕ್ಕೆರಡು ಸಲ, ಎರಡೆರಡು ನಿಮಿಷ ಉಜ್ಜಿದರೆ ಆಯಿತು’ ಎಂದು ಬರೆದೆವು. ಉಜ್ಜುವ ಕೈ ಯಾರದು ಎಂದು ಯೋಚಿಸಲೇ ಇಲ್ಲ. ತಪ್ಪು ನಮ್ಮದು.

ನಿಮ್ಮ ಪತ್ರ ಓದದವರಿಗಾಗಿ ಎರಡು ಮಾತು. ನಿಮ್ಮ ತಮ್ಮನಿಗೆ ಇಪ್ಪತ್ತಾರು ವರ್ಷ, ಡೌನ್ ಸಿಂಡ್ರೋಮ್ (ಬುದ್ಧಿಯ ಬೆಳವಣಿಗೆ ನಿಧಾನವಾಗುವ, ಹುಟ್ಟಿನಿಂದಲೇ ಇರುವ ಸ್ಥಿತಿ) ಇದೆ, ಮೂರ್ಛೆರೋಗಕ್ಕೆ ಫೆನಿಟಾಯಿನ್ ಮಾತ್ರೆ ನುಂಗುತ್ತಾನೆ. ಮೂರು ವಾರಗಳಿಂದ ಎಡಗೆನ್ನೆಗೆ ಗುದ್ದಿಕೊಳ್ಳುತ್ತಿದ್ದಾನೆ, ತಟ್ಟೆ ತಳ್ಳುತ್ತಾನೆ, ನಡುರಾತ್ರಿ ಎದ್ದು ಕೂರುತ್ತಾನೆ. ಮನೆಯವರು ಹಠ ಎಂದರು. ದಂತವೈದ್ಯರೊಬ್ಬರು ಅವನು ಬಾಯಿ ತೆರೆಯದ್ದನ್ನು ಕಂಡು, ‘ಇಂಥವರ ಹಲ್ಲು ಹೇಗೂ ಉಳಿಯುವುದಿಲ್ಲ, ಅರಿವಳಿಕೆ ಕೊಟ್ಟು ಎಲ್ಲವನ್ನೂ ಕೀಳಿಸಿಬಿಡಿ’ ಎಂದರು. ಇದು ನಿಜವೇ ಎಂಬುದು ನಿಮ್ಮ ಪ್ರಶ್ನೆ.

ನಿಜವಲ್ಲ. ನಾನು ವೈದ್ಯನಲ್ಲ, ತಮ್ಮನ ಬಾಯಿಯನ್ನು ನೋಡಿಯೂ ಇಲ್ಲ. ಯಾವ ಹಲ್ಲು ಉಳಿಯುತ್ತದೆ, ಯಾವುದು ಹೋಗಬೇಕು ಎನ್ನುವುದು ನೋಡಿದವರು ಹೇಳಬೇಕಾದ ಮಾತು. ಆದರೆ ನೋಡದೆಯೇ ‘ಎಲ್ಲವೂ’ ಎನ್ನುವುದು ಚಿಕಿತ್ಸೆಯಲ್ಲ, ಕೈತೊಳೆದುಕೊಳ್ಳುವುದು.

ಬೌದ್ಧಿಕ ಅಸಾಮರ್ಥ್ಯ ಹಲ್ಲನ್ನು ಕೊರೆಯುವುದಿಲ್ಲ. ಕೊರೆಯುವುದು ಬ್ರಷ್ ತಲುಪದ ಮೂಲೆ, ಸಕ್ಕರೆ ಬೆರೆಸಿದ ಸಿರಪ್, ಬಾಯಿ ಒಣಗಿಸುವ ಔಷಧ, ‘ಜಾಣ’ ಎಂದು ಬಹುಮಾನವಾಗಿ ಕೊಡುವ ಸಿಹಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಹಲ್ಲು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಅವರಿಗೆ ಹುಳುಕಿಗಿಂತ ಒಸಡಿನ ರೋಗದ ಕಾಟ ಹೆಚ್ಚು. ಅದು ಎಳೆಯ ವಯಸ್ಸಿನಲ್ಲೇ ಶುರುವಾಗಿ ಬೇಗ ಬೆಳೆಯುತ್ತದೆ. ಅದರ ಮೇಲೆ ಫೆನಿಟಾಯಿನ್. ಈ ಔಷಧ ಅನೇಕರಲ್ಲಿ ಒಸಡನ್ನು ಉಬ್ಬಿಸಿ ಹಲ್ಲಿನ ಮೇಲೆ ಹತ್ತಿಸುತ್ತದೆ, ಆ ಸಂದಿಗಳಲ್ಲಿ ಪಾಚಿ ಕಟ್ಟುತ್ತದೆ. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಮೂರ್ಛೆ ಮರುಕಳಿಸೀತು. ಬೇರೆ ಔಷಧ ಹೊಂದುತ್ತದೆಯೇ ಎಂದು ನರರೋಗ ತಜ್ಞರನ್ನು ಕೇಳಿ. ಬಾಯಿ ಸ್ವಚ್ಛವಾಗಿದ್ದಷ್ಟೂ ಒಸಡಿನ ಉಬ್ಬರ ಕಡಿಮೆ.

ಇನ್ನು ಆ ಗುದ್ದು. ನಮಗೆ ಹಲ್ಲು ನೋವು ಬಂದರೆ ಬೀದಿಗೆಲ್ಲ ಕೇಳುವಂತೆ ಹೇಳುತ್ತೇವೆ. ಹೇಳಲು ಮಾತಿಲ್ಲದವನು ಮೈಯಿಂದ ಹೇಳುತ್ತಾನೆ: ಒಂದೇ ಕೆನ್ನೆ, ಒಂದೇ ಬದಿಯಲ್ಲಿ ಅಗಿಯುವುದು, ತಣ್ಣನೆಯ ನೀರು ತಾಗಿದರೆ ಬೆಚ್ಚುವುದು, ಬೆರಳು ಕಚ್ಚಿಕೊಳ್ಳುವುದು, ಮೊದಲಿಲ್ಲದ ಜೊಲ್ಲು. ಹೊಸದಾಗಿ ಶುರುವಾದ ಯಾವುದನ್ನೂ ‘ಅವನ ಸ್ವಭಾವ’ ಎಂದು ಬದಿಗಿಡಬೇಡಿ. ಮೂರು ವಾರದ ಹಿಂದೆ ಇಲ್ಲದ ಸ್ವಭಾವ ಎಲ್ಲಿಂದ ಬರುತ್ತದೆ?

ಉಜ್ಜುವ ಬಗೆಗೆ ಬರುತ್ತೇನೆ. ನಮ್ಮ ಲೇಖನದಲ್ಲಿ ಇರಬೇಕಾಗಿದ್ದುದು ಇದೇ. ಬಚ್ಚಲಿನ ಕನ್ನಡಿಯ ಮುಂದೆಯೇ ಆಗಬೇಕೆಂದಿಲ್ಲ. ಬೆಳಕಿರುವ ಕೋಣೆಯಲ್ಲಿ ಅವನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ನೀವು ಹಿಂದೆ ನಿಲ್ಲಿ. ಅವನ ತಲೆ ನಿಮ್ಮ ಎದೆಗೆ ಒರಗಲಿ, ಆದರೆ ಕತ್ತನ್ನು ಹಿಂದಕ್ಕೆ ಬಗ್ಗಿಸಬೇಡಿ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲ್ತುದಿಯ ಕೀಲು ಸಡಿಲವಾಗಿರುತ್ತದೆ. ಎಡಗೈಯ ಒಂದು ಬೆರಳಿನಿಂದ ಕೆನ್ನೆಯನ್ನು ಒಳಗಿನಿಂದ ಮೆಲ್ಲನೆ ಸರಿಸಿ, ಮೆದು ಎಳೆಯ ಪುಟ್ಟ ಬ್ರಷ್ಷನ್ನು ಹಲ್ಲೂ ಒಸಡೂ ಸೇರುವ ಗೆರೆಯ ಮೇಲೆ ಓರೆಯಾಗಿಟ್ಟು ಪುಟ್ಟ ಪುಟ್ಟ ಸುತ್ತು ಹಾಕಿ. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ಫ್ಲೋರೈಡ್ ಇರಲಿ. ನುಂಗುವುದು ಕಷ್ಟವಾಗುವವರಿಗೆ ಇನ್ನೂ ಕಡಿಮೆ, ನೊರೆ ಬರದಂಥದು. ಮೊದಲ ವಾರ ಮುಂದಿನ ನಾಲ್ಕೇ ಹಲ್ಲು ಮುಗಿದರೂ ಸೋಲಲ್ಲ. ರಕ್ತ ಜಿನುಗಿದರೆ ಹೆದರಿ ಬಿಡಬೇಡಿ. ಹೆಚ್ಚಿನ ಸಲ ಅದು ಒಸಡು ಊದಿರುವುದರ ಗುರುತು, ಬಿಟ್ಟರೆ ಇನ್ನೂ ಊದುತ್ತದೆ. ಅವನೇ ಹಿಡಿಯುತ್ತೇನೆಂದರೆ ಬ್ರಷ್ಷಿನ ಹಿಡಿಗೆ ರಬ್ಬರ್ ಚೆಂಡು ತೂರಿಸಿ ದಪ್ಪ ಮಾಡಿ ಕೊಡಿ. ಅವನು ಉಜ್ಜಿದ ಮೇಲೆ ಒಂದು ಸುತ್ತು ನಿಮ್ಮದು.

ದಂತವೈದ್ಯರನ್ನು ಬದಲಾಯಿಸಿ ಎನ್ನಲು ನನಗೆ ಸಂಕೋಚವಿಲ್ಲ. ಮಕ್ಕಳ ದಂತವೈದ್ಯರು ವಿಶೇಷ ಅಗತ್ಯವುಳ್ಳವರ ಚಿಕಿತ್ಸೆಯಲ್ಲೂ ತರಬೇತಿ ಪಡೆದಿರುತ್ತಾರೆ, ದೊಡ್ಡವರನ್ನೂ ನೋಡುವಿರಾ ಎಂದು ಕೇಳಿ. ನೋವು ಇರುವುದರಿಂದ ತಡಮಾಡಬೇಡಿ. ಕೆನ್ನೆ ಊದಿದರೆ ಅಥವಾ ಜ್ವರ ಬಂದರೆ ಅದೇ ದಿನ ಹೋಗಿ. ನೋವು ಕಳೆದ ಮೇಲೆ ಬರಿಯ ಪರಿಚಯಕ್ಕೆಂದೇ ಒಂದೆರಡು ಸಲ ಹೋಗಿಬನ್ನಿ: ಒಂದು ದಿನ ಕುರ್ಚಿ, ಇನ್ನೊಂದು ದಿನ ದೀಪ, ಕನ್ನಡಿ. ಹುಟ್ಟಿನಿಂದ ಹೃದಯದ ತೊಂದರೆ ಇದ್ದರೆ ಮೊದಲೇ ತಿಳಿಸಿ, ಕೆಲವರಿಗೆ ಮುಂಚಿತವಾಗಿ ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಕೊರೆಯದೆಯೇ ಹುಳುಕನ್ನು ತಡೆಯುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವೂ ಉಂಟು. ಬಳಿದ ಹುಳುಕು ಕಪ್ಪಾಗುತ್ತದೆ, ಅಷ್ಟೆ.

ಅರಿವಳಿಕೆ ಶತ್ರುವಲ್ಲ. ಬೇರೆ ದಾರಿಯಿಲ್ಲದಾಗ ಅದೇ ದಯೆ. ಆದರೆ ಕೊಡುವುದಾದರೆ ಒಂದೇ ಸಲಕ್ಕೆ ಎಕ್ಸ್‌ರೇ, ಶುಚಿ, ತುಂಬುವಿಕೆ ಎಲ್ಲ ಆಗಲಿ. ಉಳಿಯಲಾರದ ಹಲ್ಲನ್ನಷ್ಟೇ ಕೀಳಲಿ. ಎಲ್ಲ ಕಿತ್ತ ಮೇಲೆ ಕಟ್ಟಿಸಿದ ಹಲ್ಲನ್ನು ಅವನು ಸಹಿಸುತ್ತಾನೆಯೇ? ಸಹಿಸದಿದ್ದರೆ ಬದುಕಿಡೀ ಅಗಿಯುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಸಹಿ ಹಾಕುವ ಮುನ್ನ ಕೇಳಿ. ಕೇಳುವುದು ಉದ್ಧಟತನವಲ್ಲ: ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 25ನೇ ವಿಧಿ, ಇತರರಿಗೆ ಸಿಗುವ ಗುಣಮಟ್ಟದ ಚಿಕಿತ್ಸೆಯೇ ಇವರಿಗೂ ಸಿಗಬೇಕು ಎನ್ನುತ್ತದೆ.

ನಿಮ್ಮ ಪತ್ರದ ಅಂಚಿನಲ್ಲಿ, ಬಹುಶಃ ಲೆಕ್ಕಕ್ಕಿಲ್ಲವೆಂದುಕೊಂಡು, ಒಂದು ಸಾಲು ಬರೆದಿದ್ದೀರಿ: ‘ನಾನು ನನ್ನ ಹಲ್ಲುಜ್ಜುವಾಗ ಮಾತ್ರ ನನ್ನನ್ನೇ ನೋಡುತ್ತಾ ಬಾಯಿ ತೆರೆಯುತ್ತಾನೆ.’ ಇದನ್ನು ದಂತವೈದ್ಯರಿಗೆ ಹೇಳಿದಿರಾ? ಈ ಸಲ ಹೋದಾಗ ಕುರ್ಚಿಯಲ್ಲಿ ಮೊದಲು ನೀವೇ ಕುಳಿತು, ಅವನಿಗೆ ಕಾಣುವಂತೆ ಬಾಯಿ ತೆರೆಯಿರಿ.

— ಸಂಪಾದಕ