ಹೊಂದದಿರುವುದಲ್ಲ, ತಪ್ಪಾಗಿ ಹೊಂದುವುದು

ಪತ್ರ: ಕಳೆದ ಸಂಚಿಕೆಯ ಹವಾಮಾನ ಲೇಖನದಲ್ಲಿ ‘ಮಾಲ್‌ಅಡಾಪ್ಟೇಷನ್’ ಪದವನ್ನು ‘ಹೊಂದಾಣಿಕೆಯ ಕೊರತೆ’ ಎಂದು ಕನ್ನಡಿಸಿದ್ದೀರಿ. ಸರಿಯೇ? ಆ ‘ಮಾಲ್’ ನಮ್ಮ ‘ಮಲ’ವೇ ಇರಬಹುದೇ?
– ಚಿಂತಾಮಣಿಯ ಓದುಗ

ಸಂಪಾದಕರ ಉತ್ತರ: ಸರಿಯಲ್ಲ. ಆ ಪುಟಕ್ಕೆ ಒಪ್ಪಿಗೆ ಹಾಕಿದವನು ನಾನೇ, ಆದ್ದರಿಂದ ತಪ್ಪೂ ನನ್ನದೇ.

ಮೊದಲು ಬೇರು ನೋಡೋಣ. ‘ಅಡಾಪ್ಟ್’ ಲ್ಯಾಟಿನ್ ಮೂಲದ್ದು, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ‘ಅದ್’ ಎಂದರೆ ಕಡೆಗೆ. ‘ಆಪ್ಟುಸ್’ ಎಂದರೆ ಸರಿಯಾಗಿ ಕೂತದ್ದು, ಒಪ್ಪುವಂಥದ್ದು. ಇಂಗ್ಲಿಷಿನ ‘ಆಪ್ಟ್’ ಕೂಡ ಅದೇ ಮನೆಯ ಕೂಸು. ‘ಮಾಲ್’ ಬಂದದ್ದು ‘ಕೆಟ್ಟ’ ಎಂಬರ್ಥದ ‘ಮಾಲುಸ್’ನಿಂದ. ಕೆಟ್ಟ ಗಾಳಿಯಿಂದ ಬರುವ ಜ್ವರವೆಂದು ಇಟಲಿಯವರು ಹೆಸರಿಟ್ಟ ‘ಮಲೇರಿಯಾ’ದಲ್ಲೂ ಇರುವುದು ಇದೇ. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ಮೇಲೂ ಗಾಳಿಯ ಮೇಲಿನ ಆ ಅಪವಾದ ಹೆಸರಿನಲ್ಲಿ ಹಾಗೇ ಉಳಿಯಿತು! ಇನ್ನು ಸಂಸ್ಕೃತದ ‘ಮಲ’, ‘ಮಲಿನ’ಗಳನ್ನು ವಿದ್ವಾಂಸರು ಕಪ್ಪು ಎಂಬರ್ಥದ ಗ್ರೀಕಿನ ‘ಮೆಲಾಸ್’ ಜೊತೆ ಸೇರಿಸುತ್ತಾರೆ. ‘ಮಾಲುಸ್’ ಕೂಡ ಆ ಬಳಗದ್ದೇ ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ನಿಮ್ಮ ಊಹೆ ಹುಡುಗಾಟದ್ದಲ್ಲ.

ಆದರೆ ನಾವು ಎಡವಿದ್ದು ಬೇರಿನಲ್ಲಲ್ಲ, ಅರ್ಥದಲ್ಲಿ. ‘ಕೊರತೆ’ ಎಂದರೆ ಏನನ್ನೂ ಮಾಡಲಿಲ್ಲ ಎಂದಾಗುತ್ತದೆ. ಈ ಪದ ಹೇಳುವುದು ಮಾಡಿದ್ದರ ಕಥೆಯನ್ನು: ಹೊಂದಿಕೊಳ್ಳಲೆಂದೇ ಮಾಡಿದ ಕೆಲಸ ತಿರುಗಿ ಬಡಿಯುವುದು. ಕಡಲಾಮೆಯ ಮರಿ ಮೊಟ್ಟೆಯೊಡೆದು ಬಂದೊಡನೆ ಬೆಳಕಿರುವ ಕಡೆ ಹರಿಯುತ್ತದೆ. ಕತ್ತಲ ದಂಡೆಯಲ್ಲಿ ಬೆಳಕಿರುತ್ತಿದ್ದುದು ಕಡಲ ಮೇಲೆ. ಈಗ ಬೀದಿದೀಪದ ಕಡೆ ತೆವಳಿ ಸಾಯುತ್ತದೆ. ಬುದ್ಧಿ ಅದೇ, ಲೋಕ ಬದಲಾಯಿತು. ಮನಶ್ಶಾಸ್ತ್ರದವರೂ ಈ ಪದ ಬಳಸುತ್ತಾರೆ. ಜನರ ಮುಂದೆ ಮಾತಾಡಲು ಹೆದರುವವನು ಸಭೆಗೇ ಹೋಗದಿದ್ದರೆ ಇವತ್ತಿಗೆ ನೆಮ್ಮದಿ, ಭಯ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಹವಾಮಾನದ ಮಾತಿಗೆ ಬಂದರೆ, ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2022ರ ವರದಿ ಕಡಲ ತಡೆಗೋಡೆಯ ಉದಾಹರಣೆ ಕೊಡುತ್ತದೆ: ಸದ್ಯಕ್ಕೆ ಜನರನ್ನು ಕಾಯುತ್ತದೆ, ಮುಂದೆ ಅಪಾಯವನ್ನೇ ಹೆಚ್ಚಿಸಬಹುದು. ನಿಮಗೆ ಕಡಲೇಕೆ? ನಿಮ್ಮ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಮಳೆ ಕೈಕೊಟ್ಟಾಗ ರೈತ ಕೊಳವೆಬಾವಿ ಕೊರೆಸಿದ. ಅದು ಬತ್ತಿದಾಗ ಇನ್ನೂ ಆಳಕ್ಕಿಳಿದ. ಸಾವಿರ ಅಡಿ ದಾಟಿಯೂ ಕೊರೆಸಿದವರುಂಟು. ನೀರು ಸಿಕ್ಕಿದರೆ ಪಕ್ಕದವನ ಬಾವಿ ಬರಿದು, ಸಿಗದಿದ್ದರೆ ತನ್ನ ತಲೆ ಮೇಲೆ ಸಾಲ. ಈತನನ್ನು ‘ಹೊಂದಿಕೊಳ್ಳದವನು’ ಎಂದರೆ ಅನ್ಯಾಯವಲ್ಲವೇ?

ಕನ್ನಡಕ್ಕೆ ಏನು ಮಾಡುವುದು? ನಮ್ಮ ಸಹಾಯಕರೊಬ್ಬರು ‘ಅಪಹೊಂದಾಣಿಕೆ’ ಎಂದರು. ಸಂಸ್ಕೃತದ ತಲೆಗೆ ಕನ್ನಡದ ಮುಂಡ. ವ್ಯಾಕರಣದ ಮೇಷ್ಟ್ರುಗಳು ‘ಅರಿಸಮಾಸದಂತಿದೆ’ ಎಂದು ಕೋಲು ಹಿಡಿದಾರು. ನನ್ನ ಕಿವಿಗೆ ‘ಕೆಡುಹೊಂದಿಕೆ’ ಹಿತವೆನಿಸುತ್ತದೆ. ಕೆಡುಗಾಲ, ಕೆಡುನುಡಿ ಇರುವಾಗ ಇದಕ್ಕೇಕೆ ಜಾಗವಿಲ್ಲ? ಮುಂದಿನ ಸಂಚಿಕೆಯ ತಿದ್ದುಪಡಿಯಲ್ಲಿ ಇದನ್ನೇ ಅಚ್ಚು ಹಾಕುತ್ತೇವೆ, ಜೊತೆಗೆ ಒಮ್ಮೆ ‘ಮಾಲ್‌ಅಡಾಪ್ಟೇಷನ್’ ಎಂದೂ ಇರುತ್ತದೆ. ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕಿಂತ ಒಳ್ಳೆಯ ಪದವಿದ್ದರೆ ಅಷ್ಟರೊಳಗೆ ಬರೆದು ಕಳಿಸಿ.