ಕಾರು ಕೊಳ್ಳುವವರ ಪ್ರಶ್ನೆಗಳು: ಪರದೆ, ಚಕ್ರ, ಗೇರ್ ಎಣ್ಣೆ

ಪ್ರಶ್ನೆ: ಹೊಸ ಕಾರು ನೋಡುತ್ತಿದ್ದೇನೆ. ಎ.ಸಿ., ಫ್ಯಾನು, ಕೆಲವದರಲ್ಲಿ ವೈಪರ್ ವೇಗ ಕೂಡ ಟಚ್‌ಸ್ಕ್ರೀನ್ ಒಳಗೇ ಸೇರಿಕೊಂಡಿವೆ. ಅಭ್ಯಾಸವಾದರೆ ಸರಿಹೋಗುತ್ತದೆ ಎನ್ನುತ್ತಾರೆ ಮಾರುವವರು. ನಿಜವೇ?

ಉತ್ತರ: ಪೂರ್ತಿ ನಿಜವಲ್ಲ. ನಾಬ್ ಎಲ್ಲಿದೆ, ಎಷ್ಟು ತಿರುಗಿತು ಎಂಬುದು ಕೈಗೇ ತಿಳಿಯುತ್ತದೆ. ನುಣ್ಣನೆಯ ಗಾಜಿನಲ್ಲಿ ಬೆರಳಿಗೆ ಯಾವ ಗುರುತೂ ಸಿಗದು. ಕಣ್ಣು ರಸ್ತೆ ಬಿಡಲೇಬೇಕು. ಸ್ವೀಡನ್ನಿನ ‘ವಿ ಬೀಲೇಗಾರೆ’ ಪತ್ರಿಕೆ 2022ರಲ್ಲಿ ಇದನ್ನು ಅಳೆದು ತೋರಿಸಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ಸೀಟು ಬಿಸಿ ಮಾಡುವುದು, ರೇಡಿಯೊ ಸ್ಟೇಷನ್ ಬದಲಿಸುವುದು ಮುಂತಾದ ಕೆಲಸ ಮಾಡಬೇಕಿತ್ತು. ಗುಂಡಿಗಳಿರುವ 2005ರ ವೋಲ್ವೊ ವಿ70ಯಲ್ಲಿ ಇವೆಲ್ಲ 10 ಸೆಕೆಂಡಿನಲ್ಲಿ ಮುಗಿದವು. ಅಷ್ಟರಲ್ಲಿ ಕಾರು ಓಡಿದ್ದು 306 ಮೀಟರ್. ಕೊನೆಯ ಸ್ಥಾನದ ಟಚ್‌ಸ್ಕ್ರೀನ್ ಕಾರಿಗೆ 44.9 ಸೆಕೆಂಡು ಬೇಕಾಯಿತು, ದೂರ 1,372 ಮೀಟರ್. ಚಾಲಕರಿಗೆ ಕಾರಿನ ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಟ್ಟಿದ್ದರು ಎಂಬುದನ್ನು ‘ಅಭ್ಯಾಸ’ದ ಮಾತಾಡುವವರು ಗಮನಿಸಬೇಕು.

ಕಂಪನಿಗಳಿಗೆ ಪರದೆ ಏಕೆ ಇಷ್ಟ? ಪ್ರತಿ ಗುಂಡಿಗೂ ಅಚ್ಚು, ಸ್ವಿಚ್ಚು, ವೈರು, ಪರೀಕ್ಷೆ ಬೇಕು. ಪರದೆಯಾದರೆ ಒಂದೇ ಬಿಡಿಭಾಗ, ಉಳಿದದ್ದು ಸಾಫ್ಟ್‌ವೇರ್. ಖರ್ಚು ಉಳಿಸಿದ್ದನ್ನು ಪ್ರಗತಿ ಎಂದು ಮಾರುವುದು ತಪ್ಪು. ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ ಕೂಡ ಈಗ ಎಚ್ಚೆತ್ತಿದೆ: ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಪ್ರತ್ಯೇಕ ಗುಂಡಿ ಅಥವಾ ಲಿವರ್ ಇಲ್ಲದಿದ್ದರೆ 2026ರ ನಿಯಮದಂತೆ ಅಂಕ ಕಡಿಮೆಯಾಗುತ್ತದೆ. ಎ.ಸಿ. ಮಾತ್ರ ಆ ಪಟ್ಟಿಯಲ್ಲಿಲ್ಲ. ನಮ್ಮ ಪ್ರಕಾರ ಅದೂ ಇರಬೇಕಿತ್ತು.

ಕೊಳ್ಳುವ ಮುನ್ನ, ನಿಂತ ಕಾರಿನಲ್ಲೇ ಕೂತು ನೋಟ ಮುಂದಕ್ಕೇ ಇಟ್ಟು ಫ್ಯಾನಿನ ವೇಗ ಏರಿಸಿ, ಉಷ್ಣತೆ ಎರಡು ಡಿಗ್ರಿ ಇಳಿಸಿ, ಮುಂದಿನ ಗಾಜಿನ ಮಂಜು ತೆಗೆಯುವ ಗಾಳಿ ಹಾಕಿ. ಮೂರರಲ್ಲಿ ಒಂದಕ್ಕಾದರೂ ಪರದೆ ನೋಡಲೇಬೇಕಾಯಿತೆಂದರೆ ಮಳೆಯಲ್ಲಿ ನಿಮಗೆ ಕಷ್ಟ ಕಾದಿದೆ. ಪರದೆ ಸತ್ತರೆ ಏನೇನು ನಿಲ್ಲುತ್ತದೆ ಎಂದೂ ಕೇಳಿ. 8 ಜಿಬಿಯ ಮೆಮೊರಿ ಚಿಪ್ ಸವೆದು, ಹಿಂಬದಿ ಕ್ಯಾಮೆರಾ ಮತ್ತು ಮಂಜು ತೆಗೆಯುವ ನಿಯಂತ್ರಣ ಕೈಕೊಡುತ್ತಿದ್ದುದಕ್ಕೆ ಟೆಸ್ಲಾ 2021ರಲ್ಲಿ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು.

ಪ್ರಶ್ನೆ: ಒಂದೇ ಕಾರಿನ ಕೆಳಗಿನ ಮಾದರಿಗೆ 15 ಇಂಚಿನ ಚಕ್ರ, ಮೇಲಿನದಕ್ಕೆ 17. ಯಾವುದು ಒಳ್ಳೆಯದು?

ಉತ್ತರ: ರಸ್ತೆ ಕೆಟ್ಟಿರುವ ಕಡೆ ಓಡಿಸುವವರಿಗೆ 15. ಲೆಕ್ಕ ಹಾಕಿ ನೋಡಿ. ಟೈರಿನ ಮೇಲಿನ ಮೊದಲ ಸಂಖ್ಯೆ ಅಗಲ (ಮಿ.ಮೀ.), ಎರಡನೆಯದು ಪಕ್ಕದ ಗೋಡೆ ಆ ಅಗಲದ ಶೇಕಡಾ ಎಷ್ಟು ಎಂಬುದು, ‘ಆರ್’ ನಂತರದ್ದು ರಿಮ್ಮಿನ ಇಂಚು. 195/65 ಆರ್15 ಟೈರಿನ ಪಕ್ಕದ ಗೋಡೆಯ ಎತ್ತರ 127 ಮಿ.ಮೀ.; 225/45 ಆರ್17ರದ್ದು 101. ಎರಡರ ಹೊರವ್ಯಾಸವೂ ಸುಮಾರು 634 ಮಿ.ಮೀ.! ಅಂದರೆ ಚಕ್ರ ದೊಡ್ಡದಾಗಿಲ್ಲ, 26 ಮಿ.ಮೀ. ರಬ್ಬರ್ ತೆಗೆದು ಲೋಹ ಕೂರಿಸಿದ್ದಾರೆ. ರಸ್ತೆಗುಂಡಿಯ ಅಂಚಿಗೆ ಬಡಿದಾಗ ಟೈರಿನ ಗೋಡೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಒಳಗಿನ ಎಳೆಗಳು ತುಂಡಾಗುತ್ತವೆ, ಆಮೇಲೆ ಅಲ್ಲಿ ಉಬ್ಬು ಕಾಣುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ, ತೆಗೆದುಹಾಕಬೇಕು. 17ರಲ್ಲಿ ತಿರುವಿನಲ್ಲಿ ಸ್ಟಿಯರಿಂಗ್ ಸ್ವಲ್ಪ ಚುರುಕಾಗುತ್ತದೆಂಬುದು ನಿಜ, ಆದರೆ ದಿನನಿತ್ಯದ ಓಡಾಟಕ್ಕೆ ಆ ಲಾಭ ಸಣ್ಣದು.

ಈಗಾಗಲೇ 17 ಇರುವವರು 15ಕ್ಕೆ ಇಳಿಸುವ ಮುನ್ನ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ರಿಮ್ಮಿಗೆ ತಾಗದೆಂದು ಖಚಿತ ಮಾಡಿಕೊಳ್ಳಬೇಕು. ಮೇಲಿನ ಮಾದರಿಗಳಿಗೆ ದೊಡ್ಡ ಡಿಸ್ಕ್ ಇರುವುದುಂಟು. ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ಭಾರ ಸೂಚಿಸುವ ಸಂಖ್ಯೆ) ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ಪ್ರಶ್ನೆ: ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯನ್ನು ಜೀವಮಾನವಿಡೀ ಬದಲಿಸಬೇಕಿಲ್ಲ ಎನ್ನುತ್ತಾರಲ್ಲ?

ಉತ್ತರ: ನಂಬಬೇಡಿ. ಬಿಸಿಗೆ ಎಣ್ಣೆ ಕೆಡುತ್ತದೆ, ಕ್ಲಚ್ ಸವೆದ ಪುಡಿ ಅದರಲ್ಲೇ ಸೇರುತ್ತದೆ. ಹಲವು ಕಂಪನಿಗಳ ಕಾರಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್, ತನ್ನ ಗೇರ್‌ಬಾಕ್ಸ್‌ಗಳ ಎಣ್ಣೆಯನ್ನು ಓಡಿಸುವ ರೀತಿ ನೋಡಿಕೊಂಡು 80,000ದಿಂದ 1,20,000 ಕಿ.ಮೀ. ನಡುವೆ ಬದಲಿಸಿ ಎನ್ನುತ್ತದೆ. ಅದರ ಎಂಟು ಗೇರಿನ 8ಎಚ್‌ಪಿ ಮಾದರಿಯಲ್ಲಿ ಫಿಲ್ಟರ್ ಎಣ್ಣೆ ನಿಲ್ಲುವ ತಳದ ಪ್ಲಾಸ್ಟಿಕ್ ಪ್ಯಾನಿನೊಳಗೇ ಇರುವುದರಿಂದ ಪ್ಯಾನನ್ನೇ ಹೊಸದು ಹಾಕಬೇಕು. ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ ಕಾರು ಸಮತಟ್ಟಾಗಿ ನಿಂತು, ಎಂಜಿನ್ ಓಡುತ್ತಾ, ಎಣ್ಣೆ ಕಂಪನಿ ಹೇಳಿದ ಉಷ್ಣತೆಯಲ್ಲಿ ಇರುವಾಗಲೇ ಮಟ್ಟ ನೋಡಬೇಕು. ಕಡಿಮೆಯಾದರೆ ಒತ್ತಡ ಕುಸಿದು ಕ್ಲಚ್ ಜಾರುತ್ತದೆ, ಹೆಚ್ಚಾದರೆ ನೊರೆ ಏಳುತ್ತದೆ. ಲಕ್ಷ ಕಿ.ಮೀ. ದಾಟಿದ ಹಳೆಯ ಆಟೊಮ್ಯಾಟಿಕ್ ಕಾರು ಕೊಳ್ಳುವವರು ಎಣ್ಣೆ ಬದಲಿಸಿದ ಬಿಲ್ ಕೇಳಿ ಪಡೆಯಿರಿ.