ಇಂಗ್ಲಿಷ್ ಅವಧಿಯಲ್ಲಿ ಮಣಿ ಪೋಣಿಸಿದರೆ ಓದು ಯಾವಾಗ?

ಸಿಂಗಪುರಕ್ಕೆ ಹೊಸದಾಗಿ ಬಂದಿದ್ದೀರಿ. ಎರಡನೆಯ ತರಗತಿಯ ಮಗಳು ಇಂಗ್ಲಿಷ್ ಅವಧಿಯಲ್ಲಿ ಪೆರನಾಕನ್ ಎಂಬ ಇಲ್ಲಿನ ಮಿಶ್ರ ಮೂಲದ ಸಮುದಾಯದ ಚಪ್ಪಲಿಯ ಚಿತ್ರಕ್ಕೆ ಮಣಿ ಅಂಟಿಸಿ, ಸಿಹಿ ಉಂಡೆ ಕಟ್ಟಿ ಬಂದಳು, ಇದರಲ್ಲಿ ಇಂಗ್ಲಿಷ್ ಎಲ್ಲಿದೆ ಎಂದು ಕೇಳಿದ್ದೀರಿ. ಇಲ್ಲಿಯೇ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳಾಗಿ ಹೇಳುತ್ತೇನೆ: ಆ ಉಂಡೆಯಲ್ಲಿಯೇ ಇದೆ.

ಇಲ್ಲಿನ ಪ್ರಾಥಮಿಕ ಶಾಲೆಗಳ 'ಸ್ಟೆಲ್ಲರ್' ಪಾಠಕ್ರಮದಲ್ಲಿ ಚಿಕ್ಕ ಮಕ್ಕಳು ಮೊದಲು ಒಂದು ದೊಡ್ಡ ಪುಸ್ತಕವನ್ನು ಸೇರಿ ಓದುತ್ತಾರೆ. ಆಮೇಲೆ ಸೇರಿ ಏನನ್ನಾದರೂ ಮಾಡಿ, ಮಾಡಿದ್ದನ್ನು ಮಾತಾಡುತ್ತಾರೆ. ಆ ಮಾತನ್ನೇ ಶಿಕ್ಷಕರು ಎಲ್ಲರೆದುರು ಬರೆಯುತ್ತಾರೆ. ನಂತರ ಗುಂಪಿನಲ್ಲಿ, ಕೊನೆಗೆ ಒಬ್ಬೊಬ್ಬರಾಗಿ ಮಕ್ಕಳ ಬರವಣಿಗೆ.

ಅವಳು ಕಟ್ಟಿದ ಆ ಸಿಹಿ ಉಂಡೆ, ಓಂಡೆ-ಓಂಡೆಯನ್ನೇ ನೋಡಿ. ಪಾಂಡನ್ ಎಲೆಯ ರಸದಿಂದ ಹಸಿರಾದ ಹಿಟ್ಟನ್ನು ಚಿವುಟಬೇಕು, ಗುಳಿ ಮಾಡಬೇಕು, ಗುಲಾ ಮೆಲಕಾ ಎಂಬ ತಾಳೆಬೆಲ್ಲವನ್ನು ತುಂಬಿ ಬಿರುಕಿಲ್ಲದಂತೆ ಮುಚ್ಚಬೇಕು. ಬೆಂದಾಗ ತೇಲುತ್ತದೆ, ಆಗ ತೆಂಗಿನ ತುರಿಯಲ್ಲಿ ಹೊರಳಿಸುವುದು. ಪ್ರತಿ ಹೆಜ್ಜೆಗೂ ಒಂದು ಕ್ರಿಯಾಪದ, ಒಂದು ಕಾರಣ. ಬಿರುಕು ಬಿಟ್ಟ ಉಂಡೆಯಿಂದ ಬೆಲ್ಲ ಸೋರಿದ್ದನ್ನು ಕಂಡ ಮಗುವಿಗೆ 'ಏಕೆಂದರೆ' ಎಂಬ ವಾಕ್ಯವನ್ನು ಹೇಳಿಕೊಡಬೇಕಾಗಿಲ್ಲ, ತಾನೇ ಹೇಳುತ್ತದೆ.

ಮಣಿ ಅಂಟಿಸುವುದರ ಬಗ್ಗೆ ಮಾತ್ರ ನನಗೆ ತಕರಾರಿದೆ. 'ಕಸುತ್ ಮಾನೆಕ್' ಎಂಬ ಆ ಚಪ್ಪಲಿಗೆ ಸಾಸಿವೆಯಂಥ ಗಾಜಿನ ಮಣಿಗಳನ್ನು ಒಂದೊಂದಾಗಿ ಹೊಲಿಯುತ್ತಾರೆ. ಹಿಂದೆ ನ್ಯೋನ್ಯಾ ಎಂದು ಕರೆಯುವ ಪೆರನಾಕನ್ ಹೆಣ್ಣುಮಕ್ಕಳು ಮದುವೆಗೆ ಮೊದಲೇ ಇದನ್ನು ಕಲಿಯಬೇಕಿತ್ತು. ಸೊಸೆಯಾಗುವವಳ ತಾಳ್ಮೆಯನ್ನು ಆ ಕಸೂತಿಯಲ್ಲಿ ಅಳೆಯುತ್ತಿದ್ದರು. ಗೋಂದು ಹಚ್ಚಿ ಹತ್ತು ನಿಮಿಷದಲ್ಲಿ ಮುಗಿಸಿದರೆ ಬಣ್ಣವಷ್ಟೇ ಉಳಿಯುತ್ತದೆ. ಸೂಜಿಯಲ್ಲಿ ಒಂದೇ ಸಾಲು ಹೊಲಿದರೂ ಸಾಕು, ಇಷ್ಟು ಕಷ್ಟವನ್ನು ಯಾರು, ಯಾರಿಗಾಗಿ ಪಡುತ್ತಿದ್ದರು ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಅಲ್ಲಿಂದ ಮಲಕ್ಕಾ, ಪೆನಾಂಗ್, ಸಿಂಗಪುರದ ಬಂದರುಗಳಿಗೆ ಬಂದು ಸ್ಥಳೀಯ ಹೆಣ್ಣುಗಳನ್ನು ಮದುವೆಯಾಗಿ ನೆಲೆನಿಂತ ಚೀನೀ ವ್ಯಾಪಾರಿಗಳ ಕಥೆಗೆ ಹೋಗುವುದು ಸುಲಭ.

ಪೆರನಾಕನ್ ಎಂದರೆ ಚೀನೀಯರು ಮಾತ್ರವಲ್ಲ. ಮಲಕ್ಕಾದಲ್ಲಿ ನೆಲೆಸಿದ ತಮಿಳು ವ್ಯಾಪಾರಿಗಳ ವಂಶದ 'ಚೆಟ್ಟಿ ಮೆಲಕಾ' ಜನರು ಮಲಯ್ ಮಾತಾಡುತ್ತಾರೆ, ಶಿವನನ್ನೂ ಅಮ್ಮನನ್ನೂ ಪೂಜಿಸುತ್ತಾರೆ. ನಿಮ್ಮ ಮಗಳಿಗೆ ಇದನ್ನು ತಪ್ಪದೇ ಹೇಳಿ.

ಆರ್ಮೇನಿಯನ್ ಸ್ಟ್ರೀಟ್‌ನ ಪೆರನಾಕನ್ ಮ್ಯೂಸಿಯಂ 2023ರಲ್ಲಿ ನವೀಕರಣಗೊಂಡು ಮತ್ತೆ ತೆರೆದಿದೆ. ಅವಳೊಂದಿಗೆ ಹೋಗಿ ಮಣಿ ಕೆಲಸವನ್ನು ಹತ್ತಿರದಿಂದ ನೋಡಿ. ಮನೆಯಲ್ಲಿ ಅವಳ ಕೈಯಿಂದ ಮತ್ತೊಮ್ಮೆ ಓಂಡೆ-ಓಂಡೆ ಮಾಡಿಸಿ, ವಿಧಾನವನ್ನು ಇಂಗ್ಲಿಷಿನಲ್ಲಿ ಅವಳೇ ಬರೆಯಲಿ. ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲಿಯೂ ಹೇಳಲಿ.